ಮುಖಕ್ಕೂ ಬುದ್ಧಿಗೂ ನಂಟು ಹಾಕಿದ್ದು ಯಾರು? ಜೀನೋ, ನಾವೋ?

ಈಚೆಗೆ ಬಂದ ಮೂರು ಸುದ್ದಿಗಳನ್ನು ಒಟ್ಟಿಗೆ ಓದಿದರೆ ಯಾರಿಗಾದರೂ ತಲೆ ಗಿರ್ ಎನ್ನುತ್ತದೆ. 2024ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಹೀಲಿಯೋಸ್ಪೆಕ್ಟ್ ಎಂಬ ಅಮೆರಿಕದ ಕಂಪನಿಯ ಬಗ್ಗೆ ಬರೆಯಿತು. ಐವಿಎಫ್ ಮಾಡಿಸಿಕೊಳ್ಳುವ ದಂಪತಿಗೆ, ಇರುವ ಭ್ರೂಣಗಳಲ್ಲಿ ಯಾವುದಕ್ಕೆ ಐಕ್ಯೂ ಜಾಸ್ತಿ ಬರಬಹುದು ಎಂದು ಈ ಕಂಪನಿ ಹೇಳುತ್ತದಂತೆ. 100 ಭ್ರೂಣಗಳ ಪರೀಕ್ಷೆಗೆ ಆಗಿನ ಬೆಲೆ 50,000 ಡಾಲರ್‌ವರೆಗೆ, ಅಂದರೆ 40 ಲಕ್ಷ ರೂಪಾಯಿಗೂ ಮೇಲೆ. 2025ರ ಜನವರಿಯಲ್ಲಿ ಅಮೆರಿಕದ ಕೆಲವು ಪ್ರಾಧ್ಯಾಪಕರು ಸುಮಾರು 96,000 ಎಂಬಿಎ ಪದವೀಧರರ ಫೋಟೋಗಳನ್ನು ಎಐ ಮುಂದೆ ಇಟ್ಟರು. ಮುಖ ನೋಡಿ ಸ್ವಭಾವ ಊಹಿಸಬಹುದು, ಆ ಊಹೆಗೂ ಸಂಬಳಕ್ಕೂ ಸಂಬಂಧ ಕಾಣುತ್ತದೆ ಎಂದರು. ಅದೇ ವರ್ಷ ಜೂನ್‌ನಲ್ಲಿ ನ್ಯೂಕ್ಲಿಯಸ್ ಎಂಬ ಇನ್ನೊಂದು ಕಂಪನಿ ಕಣ್ಣಿನ ಬಣ್ಣ, ಎತ್ತರ, ಐಕ್ಯೂ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಇಟ್ಟು 5,999 ಡಾಲರ್‌ಗೆ ಭ್ರೂಣದ ವರದಿ ಮಾರಲು ಹೊರಟಿತು.

ಗೊಂದಲ ಹುಟ್ಟುವುದು ಈ 'ಒಂದೇ ಪಟ್ಟಿ'ಯಿಂದ. ಕಣ್ಣಿನ ಬಣ್ಣ ಜೀನ್‌ನಿಂದ ಬರುತ್ತದೆ, ಸರಿ. ಬುದ್ಧಿಯೂ ಸ್ವಲ್ಪ ಮಟ್ಟಿಗೆ ಬರುತ್ತದೆ ಎನ್ನುತ್ತಾರೆ. ಹಾಗಿದ್ದರೆ ಒಂದನ್ನು ನೋಡಿ ಇನ್ನೊಂದನ್ನು ಹೇಳಬಹುದಲ್ವಾ?

ಇದು ಅಮೆರಿಕದವರ ತಲೆನೋವು ಎಂದು ಸುಮ್ಮನಿರುವಂತಿಲ್ಲ. ಮುಂಬೈ, ಪುಣೆಯ ಬಡಾವಣೆಗಳಲ್ಲಿ ಮಕ್ಕಳ ಬೆರಳಚ್ಚು ತೆಗೆದು 'ಹುಟ್ಟು ಪ್ರತಿಭೆ' ಹೇಳುವ ಕೇಂದ್ರಗಳು ವರ್ಷಗಳಿಂದ ನಡೆಯುತ್ತಿವೆ. ಮಾಟುಂಗಾದಿಂದ ಮೀರಾ ರೋಡ್‌ವರೆಗೆ ಕನ್ನಡಿಗರ ಮನೆಗಳಲ್ಲಿ ಕೈಯಿಂದ ಕೈಗೆ ಹೋಗುವ ವಧು-ವರರ ಬಯೋಡೇಟಾದಲ್ಲೂ ಎತ್ತರ, ಬಣ್ಣ, ಡಿಗ್ರಿ ಒಂದರ ಕೆಳಗೆ ಒಂದು ಇರುತ್ತವೆ. ಈ ಬಯೋಡೇಟಾ ಮುಂದೆ ನಮಗೆ ಬೇಕಾಗುತ್ತದೆ, ನೆನಪಿರಲಿ.

ನಂಟು ಇರುವ ಕಡೆ ಇದ್ದೇ ಇದೆ

ಒಂದೇ ಜೀನ್ ಎರಡು ಮೂರು ಕೆಲಸ ಮಾಡುವುದು ದೇಹದಲ್ಲಿ ತೀರಾ ಸಾಮಾನ್ಯ. ಕಿವಿಯ ಗುಗ್ಗೆಯನ್ನೇ ನೋಡಿ. ಕೆಲವರದು ಅಂಟಂಟು, ಕೆಲವರದು ಒಣ ಪುಡಿ. ಇದನ್ನು ತೀರ್ಮಾನಿಸುವುದು ಎಬಿಸಿಸಿ11 ಎಂಬ ಒಂದು ಜೀನ್. ಕಂಕುಳ ಬೆವರು ಎಷ್ಟು ವಾಸನೆ ಬರಬೇಕು ಎನ್ನುವುದರಲ್ಲೂ ಅದರ ಕೈ ಇದೆ. ಎರಡೂ ಕಡೆ ಒಂದೇ ಬಗೆಯ ಗ್ರಂಥಿ ಕೆಲಸ ಮಾಡುವುದರಿಂದ ಹೀಗೆ.

ಇನ್ನೂ ಅಚ್ಚರಿಯದು ವಾರ್ಡನ್‌ಬರ್ಗ್ ಸಿಂಡ್ರೋಮ್. ಇದಿದ್ದ ಮಗುವಿಗೆ ನೀಲಿ ಕಣ್ಣು, ಹಣೆಯ ಮೇಲೆ ಒಂದು ಎಳೆ ಬಿಳಿ ಕೂದಲು ಇರಬಹುದು, ಜೊತೆಗೆ ಕಿವಿ ಕೇಳಿಸದೆಯೂ ಇರಬಹುದು. ಬಣ್ಣಕ್ಕೂ ಕಿವಿಗೂ ಏನು ಸಂಬಂಧ? ಬಣ್ಣ ಕೊಡುವ ಕೋಶಗಳು ಒಳಗಿವಿಯಲ್ಲೂ ಇರಬೇಕು, ಇಲ್ಲದಿದ್ದರೆ ಕಿವಿ ಕೆಲಸ ಮಾಡುವುದಿಲ್ಲ. ಭ್ರೂಣ ಬೆಳೆಯುವಾಗ ಈ ಕೋಶಗಳು ಬೆನ್ನಿನ ಕಡೆ ಹುಟ್ಟಿ, ಅಲ್ಲಿಂದ ಚರ್ಮಕ್ಕೆ, ಕಣ್ಣಿಗೆ, ಕಿವಿಗೆ ಗುಳೆ ಹೋಗುತ್ತವೆ. ದಾರಿಯಲ್ಲಿ ಎಡವಟ್ಟಾದರೆ ಎಲ್ಲ ಕಡೆಯೂ ಕೊರತೆ.

ಸ್ವಭಾವದ ಮಟ್ಟಿಗೆ ಹೆಚ್ಚು ಹತ್ತಿರ ಬರುವುದು ವಿಲಿಯಮ್ಸ್ ಸಿಂಡ್ರೋಮ್. 7ನೇ ಕ್ರೋಮೋಸೋಮಿನ ಒಂದು ಪ್ರತಿಯಿಂದ ಇಪ್ಪತ್ತೈದಕ್ಕೂ ಹೆಚ್ಚು ಜೀನ್‌ಗಳ ಒಂದು ತುಂಡು ಬಿಟ್ಟುಹೋದಾಗ ಇದು ಬರುತ್ತದೆ. ಈ ಮಕ್ಕಳ ಮುಖಕ್ಕೆ ಒಂದು ಗುರುತಿನ ಚಹರೆ ಇರುತ್ತದೆ: ಅಗಲ ಬಾಯಿ, ಮೇಲೆ ತಿರುಗಿದ ಪುಟ್ಟ ಮೂಗು. ಗುರುತು ಪರಿಚಯ ಇಲ್ಲದವರ ಹತ್ತಿರವೂ ಓಡಿಹೋಗಿ ಮಾತಾಡುತ್ತಾರೆ. ಹಲವರಿಗೆ ಸಂಗೀತದ ಹುಚ್ಚು. ಮುಖ, ಸ್ವಭಾವ, ಸಾಮರ್ಥ್ಯ ಮೂರೂ ಇಲ್ಲಿ ಒಟ್ಟಿಗೆ ಬಂದವು.

'ರೂಪಕ್ಕೂ ಗುಣಕ್ಕೂ ನಂಟಿದೆ' ಎನ್ನುವವರು ತಪ್ಪದೆ ಹೇಳುವ ಇನ್ನೊಂದು ಕತೆ ರಷ್ಯಾದ ನರಿಗಳದು. 1959ರಿಂದ ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ಡ್ಮಿಟ್ರಿ ಬೆಲ್ಯಾಯೆವ್ ತುಪ್ಪಳಕ್ಕೆ ಸಾಕುವ ನರಿಗಳಲ್ಲಿ ಸಾಧುವಾದವನ್ನು ಮಾತ್ರ ಆರಿಸಿ ಮರಿ ಮಾಡಿಸುತ್ತ ಬಂದರು. ನೋಡಿದ್ದು ಸ್ವಭಾವ ಮಾತ್ರ. ಆದರೂ ಕೆಲವು ತಲೆಮಾರುಗಳಲ್ಲಿ ಜೋತುಬಿದ್ದ ಕಿವಿ, ಸುರುಳಿ ಬಾಲ, ಬಿಳಿ ಮಚ್ಚೆ ಕಾಣಿಸಿಕೊಂಡವು ಎಂಬುದು ಪ್ರಸಿದ್ಧ ಕತೆ. ಈ ಕತೆಯ ಬಾಲ ಮಾತ್ರ 2019ರಲ್ಲಿ ಕೊಂಚ ಕತ್ತರಿಸಿಹೋಯಿತು. ಆ ನರಿಗಳ ಪೂರ್ವಿಕರು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಫಾರಂಗಳಿಂದ ಬಂದವು, ಮಚ್ಚೆಯೂ ಸಾಧುತನವೂ ಅಲ್ಲೇ ಮೊದಲೇ ಇದ್ದವು ಎಂದು ಬೇರೆ ಸಂಶೋಧಕರು ತೋರಿಸಿದರು. ವಾದ ಇನ್ನೂ ಮುಗಿದಿಲ್ಲ.

ಇವೆಲ್ಲ ಒಂದೋ ದೊಡ್ಡ ಏರುಪೇರಿನ ಪ್ರಸಂಗ, ಇಲ್ಲವೇ ಮನುಷ್ಯ ಕಟ್ಟುನಿಟ್ಟಾಗಿ ಸಾಕಿದ ಪ್ರಾಣಿಯ ಕತೆ. ಪಕ್ಕದ ಮನೆಯ ಹುಡುಗನ ಮೂಗು ನೋಡಿ ಗಣಿತ ಬರುತ್ತದೋ ಇಲ್ಲವೋ ಎಂದು ಹೇಳಲು ಇವು ಸಾಲವು.

ಬುದ್ಧಿಗೆ ಒಂದು ಜೀನ್ ಇಲ್ಲ, ಸಾವಿರಾರು ಇವೆ

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎನ್ನುವ ಗಾದೆಯನ್ನು ವಿಜ್ಞಾನ ತಳ್ಳಿಹಾಕಿಲ್ಲ. 2015ರಲ್ಲಿ ಐವತ್ತು ವರ್ಷಗಳ ಅವಳಿ ಮಕ್ಕಳ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. 1.45 ಕೋಟಿ ಅವಳಿ ಜೋಡಿಗಳು, 17,804 ಲಕ್ಷಣಗಳು. ಜನರ ನಡುವಿನ ವ್ಯತ್ಯಾಸದಲ್ಲಿ ಸರಾಸರಿ ಶೇ 49ರಷ್ಟು ಜೀನ್‌ಗಳ ಲೆಕ್ಕಕ್ಕೆ ಬಂತು. ಜೀನ್‌ಗೆ ಬೆಲೆ ಇಲ್ಲ ಎನ್ನುವವರು ಈ ಅಂಕಿಗೆ ಉತ್ತರ ಕೊಡಬೇಕಾಗುತ್ತದೆ.

ಆದರೆ ಆ ಜೀನ್‌ಗಳು ಯಾವುವು ಎಂದು ಹುಡುಕಿದರೆ ಚಿತ್ರ ಬದಲಾಗುತ್ತದೆ. ಎತ್ತರದಂಥ ಸರಳ ಲಕ್ಷಣಕ್ಕೇ 2022ರಲ್ಲಿ 54 ಲಕ್ಷ ಜನರ ಡಿಎನ್ಎ ನೋಡಿ 12,111 ಜಾಗಗಳನ್ನು ಗುರುತಿಸಿದರು. ಎಷ್ಟು ವರ್ಷ ಓದುತ್ತಾರೆ ಎನ್ನುವುದಕ್ಕೆ ಅದೇ ವರ್ಷ 30 ಲಕ್ಷ ಜನರಲ್ಲಿ 3,952 ಜಾಗಗಳು ಸಿಕ್ಕವು. ಒಂದೊಂದರ ಪಾಲು ಸಾಸಿವೆ ಕಾಳಿನಷ್ಟು. ಇವನ್ನೆಲ್ಲ ಕೂಡಿಸಿ ಒಬ್ಬೊಬ್ಬರ ಡಿಎನ್ಎಗೆ ಹಾಕುವ ಅಂಕ ('ಓದಿನ ಅಂಕ' ಎನ್ನೋಣ) ಯುರೋಪ್ ಮೂಲದವರಲ್ಲಿ ಓದಿನ ವ್ಯತ್ಯಾಸದ ಶೇ 12ರಿಂದ 16ರಷ್ಟನ್ನು ಮಾತ್ರ ವಿವರಿಸುತ್ತದೆ. ಬೇರೆ ಮೂಲದವರಿಗೆ ಹಚ್ಚಿದರೆ ಇದು ಬಿದ್ದುಹೋಗುತ್ತದೆ, ಏಕೆಂದರೆ ಅಳತೆಗೋಲು ತಯಾರಾಗಿದ್ದೇ ಯುರೋಪಿನವರ ಮೇಲೆ.

ಸಾಮಾನ್ಯ ಚರ್ಮದ ಬಣ್ಣಕ್ಕೆ ಎಸ್‌ಎಲ್‌ಸಿ24ಎ5ರಂಥ ಬೆರಳೆಣಿಕೆಯ ಜೀನ್‌ಗಳದೇ ದೊಡ್ಡ ಪಾತ್ರ. ಈ ಜೀನ್ ಬಣ್ಣದ ಕೋಶದೊಳಗೆ ಕೆಲಸ ಮಾಡುತ್ತದೆ. ಓದಿಗೆ ಸಂಬಂಧಿಸಿದ ಜೀನ್‌ಗಳಲ್ಲಿ ಬಹಳಷ್ಟು ಮೆದುಳಿನಲ್ಲಿ ಕೆಲಸ ಮಾಡುತ್ತವೆ. ಇಬ್ಬರದೂ ಬೇರೆ ಬೇರೆ ಆಫೀಸು. ಹಾಗಿದ್ದರೂ ರೂಪಕ್ಕೂ ಗುಣಕ್ಕೂ ಅಂಕಿಅಂಶದಲ್ಲಿ ಸಂಬಂಧ ಕಾಣುವುದುಂಟು. ಅದು ಎಲ್ಲಿಂದ ಬಂತು?

ಬಳೆಯ ಲೆಕ್ಕ

ಕೈಗೆ ಬಳೆ ತೊಡುವುದು ಜೀನ್‌ನಿಂದ ಬರುತ್ತದೆಯೇ? ಸುಮ್ನೆ ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಬಳೆ ತೊಡುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಹೆಂಗಸರ ಗುರುತಾದ ಎರಡು ಎಕ್ಸ್ ಕ್ರೋಮೋಸೋಮ್, ತೊಡದವರಲ್ಲಿ ಬಹುಪಾಲು ಜನರಿಗೆ ಗಂಡಸರ ಗುರುತಾದ ಒಂದು ಎಕ್ಸ್, ಒಂದು ವೈ. ಕಂಪ್ಯೂಟರಿಗೆ ಈ ಅಂಕಿ ಕೊಟ್ಟರೆ 'ಬಳೆಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ' ಎಂದು ಅದು ಪಟ್ಟಾಗಿ ಹೇಳೀತು. ಸಂಬಂಧ ನಿಜ, ಕಾರಣ ಮಾತ್ರ ಬಳೆ ಅಂಗಡಿಯಲ್ಲಿದೆ.

ಅಮೆರಿಕದ ಸಮಾಜವಿಜ್ಞಾನಿ ಕ್ರಿಸ್ಟೋಫರ್ ಜೆಂಕ್ಸ್ 1972ರಲ್ಲಿ ಇದನ್ನೇ ಇನ್ನೂ ಚುರುಕಾಗಿ ಹೇಳಿದ್ದರು. ಕೆಂಪು ಕೂದಲಿನ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದ ಒಂದು ದೇಶ ಇದೆ ಎಂದುಕೊಳ್ಳಿ. ಅಲ್ಲಿ ಕೆಂಪು ಕೂದಲಿನ ಜೀನ್ ಇದ್ದವರಿಗೆ ಓದಲು ಬರುವುದಿಲ್ಲ. ಅಧ್ಯಯನ ಮಾಡಿದರೆ ಆ ಜೀನೇ ಓದನ್ನು ಕೆಡಿಸುತ್ತದೆ ಎಂದು ಬರುತ್ತದೆ.

ಕೆಂಪು ಕೂದಲಿನ ಜಾಗದಲ್ಲಿ ಕಪ್ಪು ಚರ್ಮ ಇಡಿ, ಊರು ನಮ್ಮದೇ ಆಗುತ್ತದೆ. 1975ರಿಂದ ಬೆಳ್ಳಗಾಗುವ ಕ್ರೀಮನ್ನು 'ಫೇರ್ ಅಂಡ್ ಲವ್ಲಿ' ಎಂದು ಮಾರಿದ್ದು ಮುಂಬೈಯಲ್ಲೇ ಕಚೇರಿ ಇರುವ ಕಂಪನಿ. 'ಫೇರ್' ಹೋಗಿ 'ಗ್ಲೋ' ಆಗಿದ್ದು 2020ರಲ್ಲಿ. ಬಣ್ಣ ನೋಡಿ ಸಂದರ್ಶನದಲ್ಲಿ ಕೂರಿಸುವ, ಬಣ್ಣ ನೋಡಿ ಶಾಲೆಯ ನಾಟಕದಲ್ಲಿ ಪಾತ್ರ ಕೊಡುವ ಊರಿನಲ್ಲಿ ಬಣ್ಣದ ಜೀನ್ ಆತ್ಮವಿಶ್ವಾಸದ ಜೀನ್‌ನಂತೆ ಕಾಣಿಸಿದರೆ ಆಶ್ಚರ್ಯವೇನು?

ಎಂಬಿಎ ಫೋಟೋಗಳ ಸುದ್ದಿಗೂ ಈ ಪ್ರಶ್ನೆ ಹಾಕಬೇಕು. ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಟೊಡೊರೊವ್ 2005ರಲ್ಲಿ ತೋರಿಸಿದ ಒಂದು ಸಂಗತಿ ಇದೆ. ಅಮೆರಿಕದ ಸೆನೆಟ್ ಅಭ್ಯರ್ಥಿಗಳ ಫೋಟೋ ನೋಡಿ, ಅವರು ಯಾರೆಂದೇ ತಿಳಿಯದ ಜನ 'ಇವರು ಸಮರ್ಥರು' ಎಂದು ಆರಿಸಿದವರು ಸುಮಾರು ಶೇ 70 ಸಲ ಗೆದ್ದಿದ್ದರು. ಗೆದ್ದವರು ನಿಜಕ್ಕೂ ಸಮರ್ಥರೋ ಏನೋ, ಮತದಾರರು ಮುಖ ನೋಡಿ ಮಣೆ ಹಾಕಿದ ಹಾಗಂತೂ ಕಾಣುತ್ತದೆ. ಸಂಬಳ ಕೊಡುವವರೂ ಅದನ್ನೇ ಮಾಡಿದ್ದರೆ, ಎಐ ಕಲಿತದ್ದು ಕೆಲಸಗಾರನ ಸ್ವಭಾವವನ್ನಲ್ಲ, ಮಾಲೀಕನ ಕಣ್ಣನ್ನು. ಫೋಟೋದಲ್ಲಿ ಮುಖದ ಜೊತೆ ಕನ್ನಡಕ, ಗಡ್ಡ, ಕ್ಯಾಮೆರಾ ಕೋನ, ನಗು ಎಲ್ಲ ಇರುತ್ತವೆ ಎನ್ನುವುದು ಬೇರೆ.

ಬಯೋಡೇಟಾ ಮಾಡುವ ಕೆಲಸ

ಈಗ ಆ ವಧು-ವರರ ಬಯೋಡೇಟಾಕ್ಕೆ ಬರೋಣ. ಜನ ಹೆಚ್ಚು ಗಮನಿಸದ ಕಾರಣ ಇಲ್ಲಿದೆ, ನನ್ನ ದೃಷ್ಟಿಯಲ್ಲಿ ಇದೇ ದೊಡ್ಡದು.

ಒಂದು ಮನೆಯಲ್ಲಿ ಎಲ್ಲರೂ ಬೆಳ್ಳಗೆ, ಓದು ಅಷ್ಟಕ್ಕಷ್ಟೆ. ಇನ್ನೊಂದು ಮನೆಯಲ್ಲಿ ಎಲ್ಲರೂ ಓದಿನಲ್ಲಿ ಮುಂದೆ, ಬಣ್ಣ ಎಣ್ಣೆಗೆಂಪು. ಮದುವೆ ಮಾರುಕಟ್ಟೆಯಲ್ಲಿ ಇಂಜಿನಿಯರ್ ಹುಡುಗನಿಗೆ ಬೆಳ್ಳಗಿನ ಹುಡುಗಿಯೇ ಬೇಕು, ಬೆಳ್ಳಗಿನ ಹುಡುಗಿಯ ಮನೆಯವರಿಗೆ ಇಂಜಿನಿಯರೇ ಬೇಕು. ಎರಡು ಮನೆ ಕೂಡಿದವು. ಮಕ್ಕಳಿಗೆ ಅಮ್ಮನಿಂದ ಬಣ್ಣದ ಜೀನ್, ಅಪ್ಪನಿಂದ ಓದಿಗೆ ನೆರವಾಗುವ ಜೀನ್‌ಗಳು, ಜೊತೆಗೆ ಅಪ್ಪನ ಸಂಬಳದ ಟ್ಯೂಷನ್ ಎಲ್ಲ ಒಟ್ಟಿಗೆ ಸಿಕ್ಕವು. ಒಂದೇ ಸಮುದಾಯದಲ್ಲಿ ಇದು ನಾಲ್ಕಾರು ತಲೆಮಾರು ನಡೆದರೆ, ಬಣ್ಣವೂ ಓದೂ ಜೋಡೆತ್ತಿನ ಹಾಗೆ ಜೊತೆಯಲ್ಲೇ ಹೋಗುತ್ತವೆ. ದೇಹದೊಳಗೆ ಈ ಎರಡು ಜೀನ್‌ಗಳಿಗೆ ಮುಖಪರಿಚಯವೂ ಇಲ್ಲ. ನೊಗ ಕಟ್ಟಿದ್ದು ಮದುವೆ ದಲ್ಲಾಳಿ.

ವಿಜ್ಞಾನಿಗಳು ಇದನ್ನು ಆಯ್ದ ಜೋಡಿಯ ಪರಿಣಾಮ ಎನ್ನುತ್ತಾರೆ. ಎರಡು ಲಕ್ಷಣಗಳಿಗೆ ಜೀನ್ ಮಟ್ಟದಲ್ಲಿ ನಂಟಿದೆ ಎಂದು ಹೇಳಿದ ಅನೇಕ ಲೆಕ್ಕಗಳು ಹೀಗೇ ಉಬ್ಬಿರಬಹುದು ಎಂದು 2022ರಲ್ಲಿ ಸೈನ್ಸ್ ಪತ್ರಿಕೆಯ ಒಂದು ಅಧ್ಯಯನ ತೋರಿಸಿತು. ಅದು ನೋಡಿದ್ದು ಪಶ್ಚಿಮದ ಜನರನ್ನು. ಅಲ್ಲಿ ಹುಡುಗ ಹುಡುಗಿ ತಾವೇ ಆರಿಸಿಕೊಳ್ಳುತ್ತಾರೆ. ಅಳತೆ, ಬಣ್ಣ, ಡಿಗ್ರಿ, ಜಾತಿ ಎಲ್ಲ ಬರೆದಿಟ್ಟುಕೊಂಡು ಮನೆಯವರು ಆರಿಸುವ ನಮ್ಮಲ್ಲಿ ನೊಗ ಇನ್ನೂ ಬಿಗಿಯಾಗಿರಬೇಕು ಎಂದು ಊಹಿಸಬಹುದು. ಮುಂಬೈಯ ಶಾದಿ.ಕಾಮ್ ತನ್ನ ಜಾಲತಾಣದಿಂದ ಚರ್ಮದ ಬಣ್ಣದ ಫಿಲ್ಟರ್ ತೆಗೆದದ್ದೇ 2020ರ ಜೂನ್‌ನಲ್ಲಿ, ಅದೂ ಜನ ತಕರಾರು ಎತ್ತಿದ ಮೇಲೆ.

ನಿಜವಾದ ನಂಟು ಯಾವುದು, ಕಟ್ಟಿದ ನಂಟು ಯಾವುದು ಎಂದು ತಿಳಿಯಲು ಒಂದು ದಾರಿ ಇದೆ. ಒಡಹುಟ್ಟಿದವರನ್ನು ಹೋಲಿಸುವುದು. ಒಂದೇ ಅಪ್ಪ ಅಮ್ಮ, ಒಂದೇ ಅಡುಗೆಮನೆ. ಯಾರಿಗೆ ಯಾವ ಜೀನ್ ಬಂತು ಎನ್ನುವುದು ಚೀಟಿ ಎತ್ತಿದ ಹಾಗೆ. ಅಕ್ಕನಿಗಿಂತ ಬೆಳ್ಳಗಿನ ತಂಗಿ ಓದಿನಲ್ಲೂ ಮುಂದೆ ಎಂದು ಸಾವಿರಾರು ಮನೆಗಳಲ್ಲಿ ಬಂದರೆ ಆಗ ಜೀನ್‌ನ ಮಾತಾಡಬಹುದು. ಅಲ್ಲಿಯೂ ಮನೆಯವರು ಬೆಳ್ಳಗಿನವಳನ್ನೇ ಮುದ್ದು ಮಾಡಿದ್ದರೆ? ಆ ಅನುಮಾನ ಉಳಿಯುತ್ತದೆ. ಡಿಎನ್ಎ ನೋಡಿ ಹಾಕುವ ಆ 'ಓದಿನ ಅಂಕ'ವನ್ನು ಹೀಗೆ ಒಡಹುಟ್ಟಿದವರಲ್ಲಿ ಪರೀಕ್ಷಿಸಿದಾಗ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಪುಣೆಯ ಇರಾವತಿ, ಬರ್ಲಿನ್ನಿನ ಬುರುಡೆಗಳು

ಈ ಜಗಳ ಹೊಸದಲ್ಲ. ಅದರಲ್ಲಿ ಪುಣೆಗೂ ಮುಂಬೈಗೂ ದೊಡ್ಡ ಪಾಲಿದೆ.

1901ರ ಜನಗಣತಿಯ ಹೊಣೆ ಹೊತ್ತ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ ಭಾರತೀಯರ ಮೂಗನ್ನು ಅಳೆಸಿದ ಮನುಷ್ಯ. ಮೂಗಿನ ಅಗಲ, ಉದ್ದದ ಲೆಕ್ಕ ತೆಗೆದು, ಮೂಗು ತೆಳುವಾದಷ್ಟೂ ಜಾತಿ ಮೇಲಿನದು ಎಂದು ಹೇಳಿಬಿಟ್ಟರು. ಮುಂಬೈ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದಲ್ಲಿದ್ದ ಜಿ.ಎಸ್. ಘುರ್ಯೆ 1932ರಲ್ಲಿ ಇದೇ ಮೂಗಿನ ಅಂಕಿಗಳನ್ನು ಪ್ರಾಂತ್ಯವಾರು ಬಿಡಿಸಿದರು. ಉತ್ತರದ ಒಂದು ಭಾಗದಲ್ಲಿ ರಿಸ್ಲಿಯ ಮಾತಿಗೆ ಸ್ವಲ್ಪ ಆಧಾರ ಕಂಡಿತು. ಮಹಾರಾಷ್ಟ್ರ, ದಕ್ಷಿಣಕ್ಕೆ ಬಂದರೆ ನಿಲ್ಲಲಿಲ್ಲ. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮುಂಬೈಗೆ ಬಂದು ಕಲಿತದ್ದು ಇದೇ ಘುರ್ಯೆಯವರ ಕೈಯಲ್ಲಿ. ಮೂಗಿನ ಹೊಳ್ಳೆಯ ಅಗಲಕ್ಕೆ ಆಯಾ ಪ್ರದೇಶದ ಸೆಕೆ ಮತ್ತು ಗಾಳಿಯ ತೇವದ ಜೊತೆ ಸಂಬಂಧ ಇದೆ ಎಂದು 2017ರ ಒಂದು ಅಧ್ಯಯನ ತೋರಿಸಿದೆ.

ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರ ಕತೆ ಇನ್ನೂ ಗಟ್ಟಿ. ಪುಣೆಯ ಕರ್ವೆ ಮನೆತನದ ಸೊಸೆಯಾದ ಇವರು 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿಗೆ ಪಿಎಚ್‌ಡಿ ಮಾಡಲು ಹೋದರು. ಮಾರ್ಗದರ್ಶಕ ಆಯ್ಗನ್ ಫಿಶರ್. ಮುಂದೆ ನಾಜಿಗಳ ಜನಾಂಗ ನೀತಿಗೆ ವಿಜ್ಞಾನದ ಬಟ್ಟೆ ತೊಡಿಸಿದವರಲ್ಲಿ ಇವನೂ ಒಬ್ಬ. ಬಿಳಿಯರ ತಲೆಬುರುಡೆಯ ಎಡ-ಬಲದ ವ್ಯತ್ಯಾಸಕ್ಕೂ ಅವರ 'ಹೆಚ್ಚಿನ ಬುದ್ಧಿ'ಗೂ ನಂಟಿದೆ ಎನ್ನುವುದು ಅವನ ನಂಬಿಕೆ. ಅದನ್ನು ಸಾಬೀತು ಮಾಡುವ ಕೆಲಸ ಈ ಭಾರತೀಯ ಹುಡುಗಿಯ ಪಾಲಿಗೆ ಬಂತು. ಆಫ್ರಿಕಾದ ವಸಾಹತಿನಿಂದ ತಂದ ಬುರುಡೆಗಳೂ ಸೇರಿ 149 ಬುರುಡೆಗಳನ್ನು ಅವರು ಅಳೆದರು. ನಂಟು ಸಿಗಲಿಲ್ಲ. ಸಿಗಲಿಲ್ಲ ಎಂದೇ ಬರೆದರು, ಅದೂ ಗುರುವಿನ ಎದುರಿಗೆ, ಅವನದೇ ಸಂಸ್ಥೆಯಲ್ಲಿ ಕೂತು. ಪುಣೆಗೆ ವಾಪಸ್ಸಾಗಿ 1939ರಿಂದ ಡೆಕ್ಕನ್ ಕಾಲೇಜಿನಲ್ಲಿ ಕಲಿಸಿದರು. ಅಳತೆಯ ಟೇಪನ್ನೇನೂ ಎಸೆಯಲಿಲ್ಲ, ಮಹಾರಾಷ್ಟ್ರದ ಸಮುದಾಯಗಳಲ್ಲಿ ಅಳತೆ ಮುಂದುವರಿಸಿದರು. ಅಳೆದರೆ ಸಿಗುವುದೆಷ್ಟು ಎನ್ನುವ ಅಂದಾಜು ಮಾತ್ರ ಅವರಿಗೆ ಚೆನ್ನಾಗಿತ್ತು.

ಗೋವಾದಿಂದ ಬಂದ ಸಿದ್ದಿಗಳು, ದೆಹಲಿಯ ಒಲಿಂಪಿಕ್ ಕನಸು

ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದ ಆಫ್ರಿಕನ್ನರ ಸಂತತಿಯ ಹಲವರು ಇಂದು ಸಿದ್ದಿಗಳೆಂಬ ಹೆಸರಿನಲ್ಲಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಂಚಿನಲ್ಲಿದ್ದಾರೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇವರ ಮಕ್ಕಳನ್ನು ಆರಿಸಿ ಓಟದ ತರಬೇತಿ ಕೊಡಲು ಹೊರಟಿತು. ತರ್ಕ ಸರಳ: ಗುಂಗುರು ಕೂದಲು, ಆಫ್ರಿಕಾದ ಮೈಕಟ್ಟು, ಹಾಗಾಗಿ ಪದಕ. ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದವರು ಬಂದರು. ಒಲಿಂಪಿಕ್ ಪದಕ ಬರಲಿಲ್ಲ. 1990ರ ದಶಕದ ಆರಂಭದಲ್ಲಿ ಯೋಜನೆಯನ್ನು ನಿಲ್ಲಿಸಿಬಿಟ್ಟರು.

ತರ್ಕ ಎಲ್ಲಿ ತಪ್ಪಿತು? 'ಆಫ್ರಿಕಾ' ಎನ್ನುವುದು ಒಂದೇ ಜೀನ್ ಬುಟ್ಟಿಯಲ್ಲ, ಜಗತ್ತಿನಲ್ಲೇ ಹೆಚ್ಚು ಆನುವಂಶಿಕ ವೈವಿಧ್ಯ ಇರುವ ಖಂಡ ಅದು. ಜಮೈಕಾದ ವೇಗದ ಓಟಗಾರರ ಪೂರ್ವಿಕರು ಹೆಚ್ಚಾಗಿ ಪಶ್ಚಿಮ ಆಫ್ರಿಕಾದವರು. ದೂರದ ಓಟದ ಕೆನ್ಯಾದವರಲ್ಲಿ ಬಹುಪಾಲು ರಿಫ್ಟ್ ಕಣಿವೆಯ ಕಲೆಂಜಿನ್ ಜನ. ಸಿದ್ದಿಗಳದು ಹೆಚ್ಚಿನಂಶ ಬಾಂಟು ಭಾಷೆಗಳನ್ನಾಡುವ ಆಫ್ರಿಕನ್ನರ ಮೂಲ, ಜೊತೆಗೆ ಭಾರತದ ಮತ್ತು ಯುರೋಪಿನ ಪಾಲು. ಕೂದಲು ಒಂದೇ ಥರ, ಒಳಗಿನ ಕತೆ ಬೇರೆ ಬೇರೆ. ವೇಗದ ಓಟಕ್ಕೆ ನೆರವಾಗುತ್ತದೆ ಎನ್ನುವ ಎಸಿಟಿಎನ್3 ಜೀನ್‌ನ ಒಂದು ರೂಪ ಆಫ್ರಿಕಾ ಮೂಲದ ಬಹುತೇಕ ಎಲ್ಲರಲ್ಲೂ ಇದೆ, ನೂರು ಮೀಟರ್ ಓಡದ ಕೆನ್ಯಾದ ಮ್ಯಾರಥಾನ್ ಓಟಗಾರರಲ್ಲೂ. ಎಲ್ಲರಲ್ಲೂ ಇರುವುದು ಯಾರು ಗೆಲ್ಲುತ್ತಾರೆ ಎಂದು ಹೇಗೆ ಹೇಳೀತು?

ಉತ್ತರ ಕನ್ನಡದ ಈ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಮೈಕಟ್ಟು ನೋಡಿ ಕ್ರೀಡಾಂಗಣಕ್ಕೆ ಕರೆದ ಹದಿನಾರು ವರ್ಷಗಳ ನಂತರ.

ಬೆರಳಚ್ಚಿನ ಅಂಗಡಿ

ಮಹಾರಾಷ್ಟ್ರದಲ್ಲಿ ಹತ್ತನೇ ತರಗತಿ ಮುಗಿಯುತ್ತಲೇ ಸೈನ್ಸೋ, ಕಾಮರ್ಸೋ, ಆರ್ಟ್ಸೋ ಎನ್ನುವ ಚಿಂತೆ ಶುರು. ಡಿಎಂಐಟಿ ಎನ್ನುವ ಬೆರಳಚ್ಚು ಪರೀಕ್ಷೆ ಓಡುವುದು ಈ ಚಿಂತೆಯ ಮೇಲೆ. ಗರ್ಭದಲ್ಲಿ ಸುಮಾರು ಹತ್ತನೇ ವಾರದಿಂದ ಬೆರಳಿನ ಗೆರೆ ಮೂಡುತ್ತದೆ, ಆಗಲೇ ಮೆದುಳೂ ಬೆಳೆಯುತ್ತಿರುತ್ತದೆ, ಆದ್ದರಿಂದ ಗೆರೆ ನೋಡಿ ಮೆದುಳು ಹೇಳಬಹುದು ಎಂಬುದು ಅವರ ವಾದ. ಆಗ ಕಿಡ್ನಿಯೂ ಬೆಳೆಯುತ್ತಿರುತ್ತದೆ ಎನ್ನುವುದನ್ನು ಅವರು ಹೇಳುವುದಿಲ್ಲ.

ಇದಕ್ಕೊಂದು ಸಣ್ಣ ಬೇರು ಮಾತ್ರ ಇದೆ. ಡೌನ್ ಸಿಂಡ್ರೋಮ್ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನರ ಅಂಗೈಯಲ್ಲಿ ಒಂದೇ ಅಡ್ಡಗೆರೆ ಇರುತ್ತದೆ. ಅದೇ ಗೆರೆ ಏನೂ ತೊಂದರೆ ಇಲ್ಲದ ಕೆಲವರಲ್ಲೂ ಇರುತ್ತದೆ. ಬೆರಳಿನ ಗೆರೆಗೆ ಸಂಬಂಧಿಸಿದ ಜೀನ್‌ಗಳು ಕೈಕಾಲಿನ ಬೆಳವಣಿಗೆಯವು ಎಂದು 2022ರಲ್ಲಿ ತಿಳಿಯಿತು. ಒಂದೇ ಡಿಎನ್ಎ ಇರುವ ಅವಳಿಗಳ ಬೆರಳಚ್ಚೂ ಬೇರೆಯೇ. ಈ ಪರೀಕ್ಷೆಗೆ ವೈಜ್ಞಾನಿಕ ಆಧಾರ ಇಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ.

ಮುಂದೆ ಏನಾಗಬಹುದು

ಭ್ರೂಣ ಆರಿಸುವ ಕಂಪನಿಗಳ ಪರ ಇರುವವರು ಕೇಳುವುದು ಇಷ್ಟು: ಟ್ಯೂಷನ್‌ಗೆ ಲಕ್ಷ ಸುರಿಯುವ ಅಪ್ಪ ಅಮ್ಮನಿಗೆ ಇದನ್ನು ಮಾತ್ರ ಏಕೆ ಬೇಡ ಎನ್ನಬೇಕು? ಎದುರು ಪಕ್ಷದವರಿಗೆ ಇಲ್ಲಿ ಕಾಣುವುದು ಜನಾಂಗ ಶುದ್ಧಿಯ ಹಳೆಯ ಭೂತ. ಮುಂಬೈಯವರಿಗೆ ಈ ಭಯ ಪುಸ್ತಕದ್ದಲ್ಲ. 1986ರಲ್ಲಿ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡ ಪ್ರನಾಳ ಶಿಶುವಿನ ಹೆರಿಗೆ ಮಾಡಿಸಿ ದೇಶದ ಗಮನ ಸೆಳೆದ ಹೊತ್ತಿನಲ್ಲೇ, ಇದೇ ಊರಿನಲ್ಲಿ ಹೆಣ್ಣು ಭ್ರೂಣ ಪತ್ತೆಯ ವಿರುದ್ಧ ಹೋರಾಟ ನಡೆದಿತ್ತು. ಅದರ ಫಲವಾಗಿ 1988ರಲ್ಲಿ ಮಹಾರಾಷ್ಟ್ರ ದೇಶದಲ್ಲೇ ಮೊದಲು ಕಾನೂನು ತಂದಿತು. ಕೇಂದ್ರದ್ದು ಬಂದಿದ್ದು 1994ರಲ್ಲಿ. ಐವಿಎಫ್‌ನಂಥ ಚಿಕಿತ್ಸೆಗಳಿಗೆ ಇರುವ 2021ರ ಕಾಯ್ದೆಯ ಪ್ರಕಾರ ಭ್ರೂಣದ ಜೀನ್ ಪರೀಕ್ಷೆ ಮೊದಲೇ ಗೊತ್ತಿರುವ ಆನುವಂಶಿಕ ಕಾಯಿಲೆಗಳಿಗೆ ಮಾತ್ರ. ಐಕ್ಯೂ, ಬಣ್ಣ, ಎತ್ತರ ಅದರಲ್ಲಿ ಬರುವುದಿಲ್ಲ. ಆದರೆ ಡಿಎನ್ಎ ಕಡತ ಒಂದು ಇಮೇಲ್‌ನಲ್ಲಿ ಸಮುದ್ರ ದಾಟುತ್ತದೆ. ಕಾವಲು ಕಷ್ಟ.

ಇನ್ನೊಂದು ಬದಲಾವಣೆ ನಮ್ಮದೇ ಮಾಹಿತಿಯಿಂದ ಬರಲಿದೆ. ಬೆಂಗಳೂರಿನ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ 83 ಸಮುದಾಯಗಳ ಸುಮಾರು 10,000 ಜನರ ಡಿಎನ್ಎ ಓದಿದೆ. 2025ರ ಜನವರಿಯಲ್ಲಿ ಅದು ಸಂಶೋಧಕರಿಗೆ ತೆರೆದುಕೊಂಡಿತು. ಕಾಯಿಲೆಗಳ ಚಿಕಿತ್ಸೆಗೆ ಇದು ಬೇಕೇ ಬೇಕಿತ್ತು. ಆದರೆ ಯಾವ ಸಮುದಾಯದ 'ಓದಿನ ಅಂಕ' ಎಷ್ಟು ಎಂದು ಯಾರಾದರೂ ಪಟ್ಟಿ ಮಾಡಿ ಹರಿಬಿಡುವ ದಿನ ದೂರ ಇಲ್ಲ ಎನಿಸುತ್ತದೆ. ಆ ಪಟ್ಟಿಯಲ್ಲಿ ಜೀನ್ ಎಷ್ಟು, ಬಳೆ ಅಂಗಡಿ ಎಷ್ಟು ಎಂದು ಬಿಡಿಸುವುದು ರಿಸ್ಲಿಯ ಮೂಗಿನ ಪಟ್ಟಿ ಬಿಡಿಸಿದ್ದಕ್ಕಿಂತ ಕಷ್ಟ. ಕಂಪ್ಯೂಟರಿನಿಂದ ಬಂದ ಅಂಕಿಯನ್ನು ಜನ ಬೇಗ ನಂಬುತ್ತಾರೆ.

ಕೊನೆಗೆ, ಮೊದಲಿನ ಆ ಭ್ರೂಣದ ವರದಿಗೆ ಮತ್ತೆ ಬಂದರೆ, ಹೀಲಿಯೋಸ್ಪೆಕ್ಟ್ ಹೇಳಿಕೊಂಡದ್ದು ಹತ್ತು ಭ್ರೂಣಗಳಲ್ಲಿ ಒಳ್ಳೆಯದನ್ನು ಆರಿಸಿದರೆ ಆರು ಅಂಕಕ್ಕಿಂತ ಹೆಚ್ಚು ಐಕ್ಯೂ ಸಿಗಬಹುದು ಎಂದು. ಆ ಹತ್ತು ಭ್ರೂಣಗಳೂ ಒಂದೇ ಅಪ್ಪ ಅಮ್ಮನವು, ಅಂದರೆ ಹುಟ್ಟದ ಅಣ್ಣ ತಮ್ಮ ಅಕ್ಕ ತಂಗಿಯರು. ಐಕ್ಯೂ ಊಹೆಯೂ ಡಿಎನ್ಎಯಿಂದ ತೆಗೆದ ಇಂಥದೇ ಅಂಕದ ಲೆಕ್ಕ. ಓದಿನ ಅಂಕದ ಬಲ ಅರ್ಧಕ್ಕೆ ಇಳಿದದ್ದು ಒಡಹುಟ್ಟಿದವರ ನಡುವೆಯೇ, ಯುರೋಪಿನವರ ಆಚೆ ಹೋದಾಗ ಇನ್ನೂ ಇಳಿದದ್ದೂ ಅದೇ ಅಂಕ. ಮುಂಬೈಯ ಮುಲುಂಡ್‌ನ ಅಥವಾ ಪುಣೆಯ ಕೊತ್ರೂಡ್‌ನ ಕನ್ನಡ ದಂಪತಿಯೊಬ್ಬರು ನಾಳೆ ಇಂಥ ವರದಿಗೆ ದುಡ್ಡು ಕಟ್ಟಿದರೆ ಎರಡೂ ಇಳಿತಗಳು ಅವರ ಪಾಲಿಗೆ ಬರಬಹುದು, ಬೆಲೆ ಮಾತ್ರ ಅಷ್ಟೇ ಇರುತ್ತದೆ.